ಮೂರನೆಯ ಮಹಡಿಯ ಹಂದಿ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿಯ ಮೊದಲ ವಾರದಲ್ಲಿ ನಾನು ಒಂಬತ್ತು ಜೀವಗಳನ್ನು ಉಳಿಸಿದೆ. ಜಂಬಕ್ಕಾಗಿ ಹೇಳುತ್ತಿಲ್ಲ; ದಾಖಲೆಯಲ್ಲಿರಲಿ ಎಂದು ಹೇಳುತ್ತಿದ್ದೇನೆ.

ಹಿಂದಿನ ವರ್ಷದ ಕೊನೆಯ ದಿನ ಬೆಳಿಗ್ಗೆ ಮಳೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಹಗ್ಗದ ಮೇಲೆ ಒಣಹಾಕಿದ್ದ ನನ್ನ ಷರಾಯಿ ಹಲಗೆಯಂತೆ ನೆಟ್ಟಗಾಗಿತ್ತು. ದೇಶಕ್ಕೆ ದೇಶವೇ ಹೆಪ್ಪುಗಟ್ಟಿತು, ವಿದ್ಯುತ್ತು ಹೋಯಿತು, ಕಲ್ಲಿದ್ದಲಿಲ್ಲದೆ ಶಾಲೆಗಳು ಮುಚ್ಚಿದವು. ಆಗ ನನಗೆ ಇಪ್ಪತ್ತಾರು ವರ್ಷ. ಪ್ರೆರೋವ್ ಜಂಕ್ಷನ್ನಿನಿಂದ ನಾಲ್ಕು ಕಿಲೋಮೀಟರು ಆಚೆ, ಒಂದು ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೈಮರ ಎತ್ತಿ ಇಳಿಸುವ ಕೆಲಸ. ರೈಲ್ವೆ ವಸತಿಗೃಹದ ನನ್ನ ಕಿಟಕಿಯಲ್ಲಿ, ಖಾಲಿ ಮೀನಿನ ಡಬ್ಬಿಯೊಳಗೆ, ಒಂಬತ್ತು ಕಲ್ಲುಗಿಡದ ಸಸಿಗಳಿದ್ದವು. ಲೈಪ್ಸಿಗ್ ನಗರದ ಒಬ್ಬ ಅಂಚೆ ಗುಮಾಸ್ತ ಪತ್ರದ ಮಡಿಕೆಯಲ್ಲಿಟ್ಟು ಕಳಿಸಿದ ಬೀಜದಿಂದ ನಾನು ಮೊಳೆಯಿಸಿದವು, ಒಂದೊಂದೂ ತೊಗರಿಬೇಳೆಯಷ್ಟು. ಕಲ್ಲುಗಿಡವೆಂದರೆ ಆಫ್ರಿಕದ ಮರುಭೂಮಿಯದು. ಕಳ್ಳಿಯಂತೆ ನೀರನ್ನು ಮೈಯೊಳಗೇ ತುಂಬಿಟ್ಟುಕೊಳ್ಳುವ ಜಾತಿ. ಎರಡೇ ದಪ್ಪ ಎಲೆ, ನಡುವೆ ಒಂದು ಸೀಳು. ನೋಡಿದವರು ಬೆಣಚುಕಲ್ಲೆಂದುಕೊಂಡು ದಾಟಿಹೋಗಬೇಕು, ಅದೇ ಅದರ ಹೆಗ್ಗಳಿಕೆ.

ನಾನು ಸಮವಸ್ತ್ರದ ಕೋಟಿನ ಗುಂಡಿ ಬಿಚ್ಚಿ, ಡಬ್ಬಿಯನ್ನು ಎದೆಗಿಟ್ಟುಕೊಂಡು, ಮತ್ತೆ ಗುಂಡಿ ಹಾಕಿ, ಹಳಿಯ ಮೇಲೆಯೇ ನಾಲ್ಕು ಕಿಲೋಮೀಟರು ನಡೆದೆ. ಕ್ಯಾಬಿನ್ನಿನಲ್ಲಿ ಅವುಗಳನ್ನು ಕೆಂಪು ಕೈದೀಪದ ಪಕ್ಕದಲ್ಲಿಟ್ಟು ಏಳು ದಿನ ಕಾದೆ. ಆ ಏಳು ದಿನ ನಾನು ದಿನಕ್ಕೊಮ್ಮೆ ಉಂಡೆ. ಒಲೆಯ ಮೇಲೆ ಕಾಲುಚೀಲ ಒಣಗಿಸಿಕೊಂಡದ್ದು ಬಿಟ್ಟರೆ ಬೇರೆ ಸುಖ ಕಾಣಲಿಲ್ಲ. ಆದರೆ ಕೆಂಪು ದೀಪವನ್ನು ಮಾತ್ರ ಆರಗೊಡಲಿಲ್ಲ. ಎಂಟನೆಯ ದಿನ ಒಂಬತ್ತಕ್ಕೆ ಒಂಬತ್ತೂ ಬದುಕಿದ್ದವು. ಜೀವಕ್ಕೆ ಬೇಕಾದದ್ದು ಕೆಂಪು ಬೆಳಕು ಎಂಬ ಸತ್ಯ ನನಗೆ ಅಂದು ಹೊಳೆಯಿತು. ನಮ್ಮ ಊರಿನ ಕಳ್ಳಿ ಬೆಳೆಗಾರರ ಸಂಘದಲ್ಲಿ ಈ ವೃತ್ತಾಂತವನ್ನು ನಲವತ್ತೈದು ವರ್ಷಗಳಿಂದ ನಿರೂಪಿಸುತ್ತ ಬಂದಿದ್ದೇನೆ. 'ಕೈದೀಪ' ಎಂಬ ಮಾತು ಬಂದೊಡನೆ ಕೆಲವು ಸದಸ್ಯರು ಎದ್ದು ಹೊರಗೆ ಹೋಗುತ್ತಾರೆ. ಭಾವೋದ್ವೇಗವನ್ನು ಎಲ್ಲರೂ ಒಂದೇ ರೀತಿ ತಾಳಲಾರರು.

ಆ ಒಂಬತ್ತರಲ್ಲಿ ಇಂದಿಗೆ ಉಳಿದಿರುವುದು ಒಂದು. ಅದೀಗ ಊಟದ ತಟ್ಟೆಯಷ್ಟು ಅಗಲದ ಕುಂಡದಲ್ಲಿ ಇಪ್ಪತ್ತಮೂರು ತಲೆಗಳ ಕುಟುಂಬವಾಗಿ ಕುಳಿತಿದೆ. ಅದರ ಹೆಸರು 'ಎಪ್ಪತ್ತೊಂಬತ್ತು'. ಅದರೊಡನೆ ಇತರ ನಲವತ್ತು ಕುಂಡಗಳಿವೆ. ಆದರೆ ಮನೆಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಳ್ಳುವುದು ಯಾವುದನ್ನೆಂದು ನನ್ನ ಹೆಂಡತಿ ಯಾರ್ಮಿಲಾಳಿಗೂ ಗೊತ್ತು. ಆಕೆ ಅದನ್ನು ಕ್ಷಮಿಸಿಲ್ಲ.

ಚಳಿಗಾಲದಲ್ಲಿ ಈ ಜಾತಿಗೆ ಬೇಕಾದದ್ದು ಎರಡೇ: ತಂಪು ಮತ್ತು ಬೆಳಕು. ನೀರು ಬೇಡ. ನಮ್ಮ ದೇಶದ ಕಳ್ಳಿ ಬೆಳೆಗಾರರೆಲ್ಲ ಮಾಡುವಂತೆ ನಾನೂ ನನ್ನ ಕುಂಡಗಳನ್ನು ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ದಕ್ಷಿಣದ ದೊಡ್ಡ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದೆ. ಮನೆಯೊಳಗೆ ಇಡುವಂತಿಲ್ಲ. ನಮ್ಮ ಕಿಟಕಿಗಳೆಲ್ಲ ಉತ್ತರಕ್ಕೆ. ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ ಬರುವ ಬಿಸಿಯನ್ನು ತಗ್ಗಿಸುವ ತಿರುಪು ಈ ಕಟ್ಟಡ ಎದ್ದ ಮೇಲೆ ತಿರುಗಿದ್ದನ್ನು ಯಾರೂ ಕಂಡಿಲ್ಲ. ಜನವರಿಯಲ್ಲೂ ನಾವು ಬನಿಯನ್ನಿನಲ್ಲಿ ಕೂರುತ್ತೇವೆ. ಕತ್ತಲೆಯಲ್ಲಿ ಬಿಸಿ ತಾಗಿದರೆ ಕಲ್ಲುಗಿಡ ಬೆಳಕನ್ನು ಹುಡುಕುತ್ತ ಕತ್ತು ನೀಳಮಾಡಿ, ಬಣ್ಣಗೆಟ್ಟು, ಒಂದು ದಿನ ಪಕ್ಕಕ್ಕೆ ಒರಗಿ ಸಾಯುತ್ತದೆ.

ಹೀಗಿರುವಾಗ ಹೊಸ ವರ್ಷಕ್ಕೆ ಮುನ್ನ ಕಟ್ಟಡದ ಮಾಲೀಕರ ಸಂಘದ ಅಧ್ಯಕ್ಷ ಬೋರಿವೋಯ್ ಟೋಮೆಕ್ ನಮ್ಮ ಬಾಗಿಲು ತಟ್ಟಿದರು. ಇವರು ಹಿಂದೆ ಕಾರ್ಖಾನೆಯೊಂದರ ಕ್ಯಾಂಟೀನಿನ ಮೇಲ್ವಿಚಾರಕರು. ಸಂಘದ ಮೊಹರನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಮಲಗುವಾಗ ಎಲ್ಲಿಡುತ್ತಾರೋ ತಿಳಿಯದು.

"ಸೆಡ್ಲಾಕ್ ಅವ್ರೇ, ನಿಮ್ಮ ಕಲ್ಲೆಲ್ಲ ಒಳಗೆ ತಗೊಳ್ಳಿ. ಅಗ್ನಿಶಾಮಕದವ್ರ ಕಾಗದ ಬಂದಿದೆ. ಮೆಟ್ಟಿಲು ಖಾಲಿ ಇರ್ಬೇಕಂತೆ."

"ಕಿಟಕಿ ಕಟ್ಟೆ ಮೇಲಿರೋ ಕುಂಡ ಯಾರ ಕಾಲಿಗೆ ಅಡ್ಡ ಬರತ್ತೆ, ಅಧ್ಯಕ್ಷರೇ?"

"ಕಾಗದದಲ್ಲಿ ಸೈಕಲ್ಲು, ಹಳೇ ಬೀರು, ಇತ್ಯಾದಿ ಅಂತಿದೆ. ನೀವು ಇತ್ಯಾದಿ."

ಮೂಲ ಕಾಗದದಲ್ಲಿ 'ಇತ್ಯಾದಿ' ಇರಲಿಲ್ಲವೆಂದೂ ಅದು ಅಧ್ಯಕ್ಷರ ಸ್ವಂತ ಸೇರ್ಪಡೆಯೆಂದೂ ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ನಲವತ್ತೊಂದು ಕುಂಡಗಳು ನಮ್ಮ ಚಿಕ್ಕ ಕೋಣೆಯಲ್ಲಿ, ಯಾರ್ಮಿಲಾಳ ಇಸ್ತ್ರಿ ಮೇಜನ್ನು ಆಕ್ರಮಿಸಿ ಕುಳಿತಿದ್ದವು. ಅದೇ ವಾರ ಆಕೆ ಮಂಡಿನೋವಿನ ಚಿಕಿತ್ಸೆಗೆಂದು ಮೂರು ವಾರಗಳ ಮಟ್ಟಿಗೆ ಬಿಸಿನೀರ ಬುಗ್ಗೆಯ ಊರಿಗೆ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಅಂದಳು:

"ಗಿಡ ಬೆಳೆಸೋ ದೀಪ ಅಂತ ಸಿಗತ್ತೆ, ವೆಂಡಾ. ಒಂದು ತಗೊಂಡು ಬಾ. ಅಂಗಡಿ ಹುಡುಗ ಏನು ಹೇಳ್ತಾನೋ ಅದನ್ನೇ ತಗೋ. ನಿನ್ನ ತಲೆ ಉಪಯೋಗಿಸ್ಬೇಡ."

ಅಂಗಡಿಯ ಹುಡುಗ ಸಭ್ಯನಾಗಿಯೇ ಇದ್ದ. "ಬಿಳಿ ಎಲ್‌ಇಡಿ ಸಾಕು ಸಾರ್. ಗಿಡದಿಂದ ಒಂದಡಿ ಮೇಲೆ ತೂಗುಹಾಕಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ. ಬಿಸಿ ಆಗಲ್ಲ."

"ಮಗೂ, ಬಿಳಿ ಬೆಳಕು ಪೇಪರ್ ಓದೋದಕ್ಕೆ. ನನಗೆ ಕೆಂಪು ಬೇಕು."

"ಕೆಂಪು ನೀಲಿ ಎರಡೂ ಸೇರಿದ್ದು ಇದೆ. ನೇರಳೆ ಥರ ಕಾಣತ್ತೆ."

"ಮೂವತ್ತೆಂಟು ವರ್ಷ ನಾನು ಸಿಗ್ನಲ್ ದೀಪದ ಜೊತೆ ಬದುಕಿದೋನು. ಬಣ್ಣದ ವಿಷಯ ನನಗೆ ಹೇಳ್ಕೊಡ್ಬೇಡ. ನೇರಳೆ ಸಿಗ್ನಲ್ ನೋಡಿದ್ದೀಯಾ ಎಲ್ಲಾದ್ರೂ? ಕೆಂಪು ಅಂದ್ರೆ ಬರೀ ಕೆಂಪು."

"ಬರೀ ಕೆಂಪು ನಮ್ಮಲ್ಲಿ ಇಲ್ಲ ಸಾರ್," ಎಂದು ಅವನು ನನ್ನ ಹಿಂದೆ ನಿಂತಿದ್ದವರ ಕಡೆಗೆ ತಿರುಗಿದ.

ಇತ್ತು. ಮಾರುಕಟ್ಟೆಯ ಹಿಂದಿನ ಕೃಷಿ ಸಾಮಾನಿನ ಅಂಗಡಿಯಲ್ಲಿ ಎಳೆ ಕುಂಬಳಕಾಯಿಯಷ್ಟು ದೊಡ್ಡ, ರಕ್ತಗೆಂಪು ಗಾಜಿನ ಬಲ್ಬುಗಳು ಸಾಲಾಗಿ ಕುಳಿತಿದ್ದವು. ಡಬ್ಬದ ಮೇಲೆ 'ಆರೋಗ್ಯಕರ ಬೆಳವಣಿಗೆಗೆ' ಎಂದು ಮುದ್ರಿಸಿತ್ತು. ಅದರ ಮುಂಚಿನ ಪದವನ್ನೂ ಅದರ ಕೆಳಗಿನ ಚಿತ್ರವನ್ನೂ ಬೆಲೆಯ ಚೀಟಿ ಮುಚ್ಚಿತ್ತು. ಚೀಟಿಯನ್ನು ಕಿತ್ತು ನೋಡುವ ಕುತೂಹಲ ನನಗೆ ಹುಟ್ಟಲಿಲ್ಲ. ಓದಿದಷ್ಟೇ ನನ್ನ ಸಿದ್ಧಾಂತಕ್ಕೆ ಸಾಕಾಗಿತ್ತು. ಎರಡು ಕೊಂಡೆ. ಅವುಗಳನ್ನು ಕುಂಡಗಳಿಂದ ಗೇಣುದ್ದ ಮೇಲೆ ತೂಗುಹಾಕಿದೆ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಉರಿಸಿದೆ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ದಿನಗಳಲ್ಲಿ ನಮ್ಮ ಕಿಟಕಿ ಇಡೀ ಬೀದಿಗೆ ಕುಲುಮೆಯಂತೆ ಕಾಣುತ್ತಿತ್ತು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಕಟ್ಟಡದ ಹದಿನೆಂಟು ಮನೆಗಳಲ್ಲಿ ಹದಿನೇಳು ಮನೆಯವರು ಸುತ್ತಲಿನ ಹಳ್ಳಿಗಳಿಂದ ಬಂದವರು. ಬಾಲ್ಯದಲ್ಲಿ ಪ್ರತಿಯೊಬ್ಬರ ಮನೆಯ ಹಿಂದೆಯೂ ಒಂದು ಗೂಡಿತ್ತು, ಗೂಡಿನಲ್ಲಿ ಹಂದಿಮರಿಗಳಿದ್ದವು, ಅವುಗಳ ಮೇಲೆ ಕೆಂಪು ದೀಪ ತೂಗುತ್ತಿತ್ತು. ಚಳಿಗಾಲದಲ್ಲಿ ಹಂದಿ ಕಡಿಯುವ ದಿನವೆಂದರೆ ಅವರಿಗೆ ಕ್ರಿಸ್ಮಸ್ಸಿಗಿಂತ ದೊಡ್ಡ ಹಬ್ಬ. ಕೆಂಪು ಕಿಟಕಿಗೆ ಅವರ ಲೋಕದಲ್ಲಿ ಬೇರೆ ಅರ್ಥವೇ ಇಲ್ಲ. ಹದಿನೆಂಟನೆಯ ಮನೆಯವನಾದ ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು. ಹಂದಿಯನ್ನು ನಾನು ಕಂಡದ್ದು ತಟ್ಟೆಯಲ್ಲಿ ಮಾತ್ರ.

ಮೊದಲು ಬಂದವರು ಎರಡನೆಯ ಮಹಡಿಯ ಓಟಿಲಿಯಾ ಬಾರ್ತೋಷೋವಾ. ಶಿಶುವಿಹಾರದಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದ ಹೆಂಗಸು. ಕೈಯಲ್ಲಿ ಒಂದು ಬಕೆಟ್ಟು ಆಲೂಗೆಡ್ಡೆ ಸಿಪ್ಪೆ.

"ತಗೊಳ್ಳಿ. ಚೆನ್ನಾಗಿ ತೊಳ್ದಿದ್ದೀನಿ," ಎಂದು ಪಿಸುಗುಟ್ಟಿದರು. "ನಾನು ಏನೂ ನೋಡಿಲ್ಲ, ಏನೂ ಕೇಳಿಲ್ಲ. ಗೊತ್ತಾಯ್ತಲ್ಲ?"

ನನಗೆ ಗೊತ್ತಾಗಲಿಲ್ಲ. ಆದರೆ ನಲವತ್ತು ವರ್ಷಗಳಲ್ಲಿ ನನ್ನ ಗಿಡಗಳನ್ನು ಒಬ್ಬರೂ ವಿಚಾರಿಸಿರಲಿಲ್ಲ. ಈಗ ಗೊಬ್ಬರಕ್ಕೆಂದು ಸಿಪ್ಪೆ ತಂದವರನ್ನು ಹಾಗೆಯೇ ಮರಳಿ ಕಳಿಸುವುದು ಹೇಗೆ? ಕಲ್ಲುಗಿಡಕ್ಕೆ ಗೊಬ್ಬರ ವಿಷ. ಆದರೂ ಕೃತಜ್ಞತೆಯಿಂದ ಸ್ವೀಕರಿಸಿ, ಹಿಂಬಾಗಿಲ ಬಾಲ್ಕನಿಯಲ್ಲಿದ್ದ ಯಾರ್ಮಿಲಾಳ ಬಟ್ಟೆ ನೆನೆಸುವ ಟಬ್ಬಿಗೆ ಸುರಿದೆ. ಮರುದಿನ ನಾಲ್ಕನೆಯ ಮಹಡಿಯಿಂದ ಒಣ ಬ್ರೆಡ್ಡು ಬಂತು. ಅದರ ಮರುದಿನ ಬಾಗಿಲ ಹಿಡಿಗೆ ಯಾರೋ ಹೆಸರಿಲ್ಲದ ಎಲೆಕೋಸು ಕಟ್ಟಿ ಹೋಗಿದ್ದರು. ವಾರದೊಳಗೆ ಟಬ್ಬು ತುಂಬಿತು. ಮೆಟ್ಟಿಲಲ್ಲಿ ಎದುರಾದವರೆಲ್ಲ ಟೊಪ್ಪಿ ತೆಗೆದು ನಮಸ್ಕರಿಸುವರು, ಮೂಗು ಅರಳಿಸಿ ಗಾಳಿಯನ್ನು ಮೂಸುವರು, ನನ್ನ ಭುಜ ತಟ್ಟುವರು. ವಿಜ್ಞಾನದ ಬಗ್ಗೆ ಜನರಲ್ಲಿ ಕೊನೆಗೂ ಗೌರವ ಹುಟ್ಟಿತೆಂದು ನಾನು ಬಗೆದೆ.

ದೂರವಾಣಿಯಲ್ಲಿ ಯಾರ್ಮಿಲಾ ಕೇಳಿದಳು: "ದೀಪ ತಂದ್ಯಾ?"

"ತಂದೆ. ಇಡೀ ಕಟ್ಟಡ ಮೆಚ್ಕೊಂಡಿದೆ."

"ಇಡೀ ಕಟ್ಟಡವಾ?" ಎಂದಳು ಆಕೆ. "ವೆಂಡಾ, ಏನು ಮಾಡ್ದೆ?"

ಎರಡನೆಯ ವಾರ ಅಧ್ಯಕ್ಷರೇ ಬಂದರು. ಆದರೆ ಒಳಗೆ ಕಾಲಿಡಲಿಲ್ಲ. "ನಾನು ನೋಡಿದ್ರೆ ನನಗೆ ಗೊತ್ತಿದ್ದ ಹಾಗೆ ಆಗತ್ತೆ. ಗೊತ್ತಿಲ್ದೇ ಇರೋದೇ ನನ್ನ ಹುದ್ದೆಗೆ ಒಳ್ಳೇದು," ಎಂದು ಹೊಸಿಲಾಚೆಯೇ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು: "ಯಾವಾಗ ಅಂತ ಇಟ್ಕೊಂಡಿದ್ದೀರಿ?"

"ಮಾರ್ಚಿನಲ್ಲಿ. ಆಗ ಹಳೇ ಚರ್ಮ ತಾನಾಗೇ ಬಿಡತ್ತೆ."

"ತಾನಾಗೇ ಬಿಡತ್ತಾ?" ಅವರು ಬೆರಗಾದರು. "ಎಂಥ ತಳಿ ಅದು?"

"ಆಫ್ರಿಕದ್ದು."

"ಓಹೋ. ಮಾರ್ಚು ತಡ ಆಯ್ತಲ್ವಾ? ಉಪವಾಸದ ದಿನ ಶುರುವಾಗೋದ್ರೊಳಗೆ, ಮಾಸೊಪುಸ್ಟ್ ಹಬ್ಬಕ್ಕೆ ಮುಂಚೆ ಆಗಲ್ವಾ? ಎಲ್ರೂ ಆಸೆ ಇಟ್ಕೊಂಡಿದ್ದಾರೆ."

"ಅವಸರ ಮಾಡಿದ್ರೆ ಕೆಟ್ಟುಹೋಗತ್ತೆ ಅಧ್ಯಕ್ಷರೇ. ಈ ಕೆಲಸಕ್ಕೆ ತಂಪು ಜಾಗ ಬೇಕಿತ್ತು. ಮೆಟ್ಟಿಲ ತಿರುವು ಇದ್ದಿದ್ರೆ…"

"ತಂಪು ಜಾಗ," ಎಂದು ಅಧ್ಯಕ್ಷರು ನಿಧಾನವಾಗಿ ತಲೆಯಾಡಿಸಿದರು. "ಹೌದು, ಹೌದು. ನಾಲ್ಕು ದಿನ ತೂಗುಹಾಕೋಕೆ ತಂಪು ಜಾಗ ಬೇಕೇ ಬೇಕು. ಇದು ನನ್ನ ತಲೆಗೇ ಹೊಳೀಲಿಲ್ಲ. ಶುಕ್ರವಾರ ಸಭೆ ಕರೀತೀನಿ."

ನನ್ನ ಜೀವಮಾನದಲ್ಲಿ ಇಂಥ ಸಭೆಯನ್ನು ನಾನು ಕಂಡಿಲ್ಲ. ನೆಲಮಹಡಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸಂಜೆ ಐದಕ್ಕೆ ಹದಿನೆಂಟು ಮನೆಯವರೂ ಸೇರಿದ್ದರು. ಸಾಮಾನ್ಯವಾಗಿ ಕಸದ ಬುಟ್ಟಿಯ ವಿಷಯಕ್ಕೇ ಎರಡು ತಾಸು ಕಿತ್ತಾಡುವ ಜನ ಅಂದು ಚರ್ಚಿನಲ್ಲಿ ಕೂತಂತೆ ಕೂತಿದ್ದರು.

"ವಿಷಯದ ಹೆಸರು ಹೇಳೋದು ಬೇಡ," ಎಂದರು ಅಧ್ಯಕ್ಷರು. "ಎಲ್ರಿಗೂ ಗೊತ್ತಿದೆ, ಯಾರಿಗೂ ಗೊತ್ತಿಲ್ಲ. ನಿರ್ಣಯ ಓದ್ತೀನಿ: ಮೂರನೆಯ ಮಹಡಿಯ ಮೆಟ್ಟಿಲ ತಿರುವು ಸೆಡ್ಲಾಕ್ ಅವರ ಅಗತ್ಯಗಳಿಗೆ ಅವರ ವಶದಲ್ಲಿರತಕ್ಕದ್ದು."

"ಯಾರಾದ್ರೂ ಆಮೇಲೆ ಚಾಡಿ ಹೇಳಿ ತಪ್ಪಿಸಿದ್ರೆ?" ಎಂದು ಹಿಂದಿನಿಂದ ಒಂದು ದನಿ.

ಅಧ್ಯಕ್ಷರು ಯೋಚಿಸಿ ಇನ್ನೊಂದು ಸಾಲು ಬರೆದರು: "ಹದಿನೆಂಟು ಮನೆಯವರೂ ಒಮ್ಮತದಿಂದ ಬದಲಿಸದ ಹೊರತು ಈ ನಿರ್ಣಯ ಜಾರಿಯಲ್ಲಿರತಕ್ಕದ್ದು." ಜೇಬಿನಿಂದ ಮೊಹರು ತೆಗೆದು, ಬಾಯಿಯಿಂದ ಹಬೆ ಊದಿ, ಒತ್ತಿದರು. ಹದಿನೆಂಟು ಕೈ ಮೇಲೆದ್ದವು. ನನ್ನ ಕಣ್ಣು ತೇವವಾಯಿತು. ನಾನು ಎದ್ದು ನಿಂತು ಎಪ್ಪತ್ತೊಂಬತ್ತನೆಯ ಇಸವಿಯ ವೃತ್ತಾಂತವನ್ನು ಆರಂಭಿಸಿದೆ. ಆದರೆ ಬಟ್ಟೆ ಒಗೆಯುವ ಯಂತ್ರವನ್ನು ಯಾರೋ ಚಾಲೂ ಮಾಡಿದರು.

ಆ ಸಂಜೆಯೇ ಕುಂಡಗಳನ್ನು ತಿರುವಿಗೆ ಸಾಗಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸೋಮವಾರ ಯಾರ್ಮಿಲಾ ಬರುವವಳಿದ್ದಳು. ನನ್ನ ಕೆಂಪು ಕೋಣೆಯ ವೈಭವವನ್ನು ಆಕೆ ಒಮ್ಮೆ ನೋಡಲಿ, ಅಂಗಡಿ ಹುಡುಗನ ಮಾತು ಕೇಳದೆ ನಾನೇ ಯೋಚಿಸಿ ಮಾಡಿದ್ದೆಂದು ತಿಳಿಯಲಿ ಎಂಬ ಆಸೆ. 'ಎಪ್ಪತ್ತೊಂಬತ್ತ'ರ ಕೆಲವು ತಲೆಗಳು ಸ್ವಲ್ಪ ಸುಕ್ಕಾಗಿದ್ದವು, ನಿಜ. ಕೆಲವು ಕತ್ತು ಚಾಚಿದ್ದವು, ಅದೂ ನಿಜ. ಚಳಿಗಾಲದಲ್ಲಿ ಹಳೆಯ ಎಲೆ ಸುಕ್ಕಾಗುವುದು ಸಹಜವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಳಿಕೊಳ್ಳುವಾಗ ಆ ಕಡೆ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಶನಿವಾರ ಬಾರ್ತೋಷೋವಾ ಮತ್ತೆ ಸಿಪ್ಪೆ ತಂದರು. "ಚೆನ್ನಾಗಿ ತಿಂತಿದ್ಯಾ?"

ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. "ನಿಜ ಹೇಳ್ಬೇಕು ಅಂದ್ರೆ ಏನೂ ಕೊಡ್ತಿಲ್ಲ, ಬಾರ್ತೋಷೋವಾ ಅವ್ರೇ. ನವೆಂಬರಿನಿಂದ ಒಂದು ಹನಿ ನೀರೂ ಕೊಟ್ಟಿಲ್ಲ. ಕೊಡಬಾರ್ದು. ಹಾಗೇ ಒಣಗಿಸಿದ್ರೇನೆ ಚೆಂದ ಬರೋದು."

ಅವರ ಕೈಯಿಂದ ಬಕೆಟ್ಟು ಜಾರಿತು. ಕೈಗಂಬಿ ಹಿಡಿದುಕೊಂಡು ಇಳಿದುಹೋದರು. ಸಾಸೇಜಿನ ಆಸೆಗಿಂತ ಮೂಕಪ್ರಾಣಿಯ ಮೇಲಿನ ಕರುಣೆ ದೊಡ್ಡದೆಂದು ಆ ಹೆಂಗಸು ಭಾನುವಾರವೆಲ್ಲ ಊಟ ಬಿಟ್ಟು ತೀರ್ಮಾನಿಸಿದರಂತೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ರಬ್ಬರ್ ಬೂಟು ತೊಟ್ಟ, ಮೂವತ್ತರ ಒಳಗಿನ ಒಬ್ಬ ತರುಣಿ. ಕೈಯಲ್ಲಿ ಬರೆಯುವ ಹಲಗೆ. ಅವಳ ಬೆನ್ನ ಹಿಂದೆ, ಮೆಟ್ಟಿಲ ಮೇಲೂ ಕೆಳಗೂ, ಕಟ್ಟಡದ ಸಮಸ್ತರು ಬೇರೆ ಬೇರೆ ಕೆಲಸದ ನೆಪದಲ್ಲಿ ನಿಂತಿದ್ದರು. ಅಧ್ಯಕ್ಷರು ಒಂದು ಬಲ್ಬನ್ನು ತಿರುಗಿಸುತ್ತಿದ್ದರು, ಅದು ಸುಸ್ಥಿತಿಯಲ್ಲಿತ್ತು.

"ಸೆಡ್ಲಾಕ್ ಅವ್ರು ನೀವೇನಾ? ನಾನು ಅಪೊಲೆನಾ ಕಾಲಿನೋವಾ, ಪಶುವೈದ್ಯೆ. ಕಚೇರಿಗೆ ದೂರು ಬಂದಿದೆ. ನೀರು ಕೊಡ್ತಿಲ್ವಂತೆ?"

"ಇಲ್ಲ, ಡಾಕ್ಟ್ರಮ್ಮ. ಮಾರ್ಚಿನವರೆಗೆ ಕೊಡಲ್ಲ."

ಅವಳು ಬರೆದುಕೊಂಡಳು. "ಎಷ್ಟು ದಿನದಿಂದ?"

"ನವೆಂಬರಿನಿಂದ."

ಲೇಖನಿ ನಿಂತಿತು. "ಬದುಕಿದ್ಯಾ?"

"ಬದುಕಿದ್ಯಾ ಅಂತ ಕೇಳ್ತೀರಲ್ಲ. ನಲವತ್ತೈದು ವರ್ಷದಿಂದ ಬದುಕಿದೆ."

"ನಲವತ್ತೈದು ವರ್ಷದ ಹಂದಿ?"

"ಹಂದಿ ಯಾವುದು?" ಎಂದೆ ನಾನು.

ಪಶುವೈದ್ಯೆ ನನ್ನನ್ನು ದಾಟಿ, ಬಾಲ್ಕನಿಯ ಟಬ್ಬಿನತ್ತ ಒಮ್ಮೆ ನೋಡಿ, ನೇರ ಕೆಂಪು ಕೋಣೆಗೆ ನಡೆದಳು. ಹಿಂದೆ ಕಟ್ಟಡವೂ ನಡೆಯಿತು. ಇಸ್ತ್ರಿ ಮೇಜಿನ ಮುಂದೆ ಎಲ್ಲರೂ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕಿದರು.

"ಇವು ಕಲ್ಲು," ಎಂದರು ಅಧ್ಯಕ್ಷರು.

"ಕಲ್ಲುಗಿಡ," ಎಂದು ತಿದ್ದಿದೆ.

"ಕಲ್ಲಿಗೆ ಸಿಪ್ಪೆ ಹಾಕಿದ್ನಲ್ಲ ನಾನು," ಎಂದರು ಬಾರ್ತೋಷೋವಾ, ಕುರ್ಚಿಯ ಮೇಲೆ ಕೂತು. "ತೊಳೆದು ಬೇರೆ ಹಾಕಿದೆ."

ಪಶುವೈದ್ಯೆ ಮಾತ್ರ ಗಿಡಗಳನ್ನು ನೋಡುತ್ತಿರಲಿಲ್ಲ, ದೀಪವನ್ನು ನೋಡುತ್ತಿದ್ದಳು. ಅಂಗೈಯನ್ನು ಅದರ ಕೆಳಗೆ ಹಿಡಿದು, ಚುರುಕೆಂದು ಹಿಂದೆಳೆದುಕೊಂಡಳು. "ಇದರ ಡಬ್ಬ ಇದ್ಯಾ?"

ಇತ್ತು. ರೈಲ್ವೆಯಲ್ಲಿ ದುಡಿದವನು ಏನನ್ನೂ ಎಸೆಯುವುದಿಲ್ಲ. ಅವಳು ಬೆಲೆಯ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ, ನಿಧಾನವಾಗಿ ಸುಲಿದಳು. ಚೀಟಿಯ ಕೆಳಗೆ ಗುಲಾಬಿ ಬಣ್ಣದ ಒಂದು ಹಂದಿಮರಿ ನನ್ನನ್ನು ನೋಡಿ ನಗುತ್ತಿತ್ತು. ಅದರ ಮೇಲೆ ಈಗ ಪೂರ್ತಿಯಾಗಿ ಹೀಗಿತ್ತು: 'ಹಂದಿಮರಿಗಳ ಆರೋಗ್ಯಕರ ಬೆಳವಣಿಗೆಗೆ'.

"ನಾನು ಹೇಳ್ಲಿಲ್ವಾ, ಹಂದಿಮರಿ ದೀಪ ಅಂತ?" ಎಂದು ಬಾರ್ತೋಷೋವಾ ಕುರ್ಚಿಯಿಂದ ಎದ್ದರು. ನಿರಾಶೆಯ ನಡುವೆಯೂ ಅವರ ಮುಖದಲ್ಲಿ ಒಂದು ಗೆಲುವು ಕಂಡಿತು.

"ಯಜಮಾನ್ರೇ, ಇದು ಬೆಳಕಿಗೆ ಹಾಕೋ ದೀಪ ಅಲ್ಲ, ಬಿಸಿಗೆ ಹಾಕೋದು," ಎಂದಳು ಪಶುವೈದ್ಯೆ. ದನಿಯಲ್ಲಿ ಅಧಿಕಾರ ಹೋಗಿ, ರೋಗಿಯ ಮನೆಯವರೊಡನೆ ಆಡುವ ಮೆದುತನ ಬಂದಿತ್ತು. "ಇವು ಕತ್ತಲಲ್ಲೇ ಬೇಯ್ತಾ ಇವೆ. ನೋಡಿ, ಅಂಚಿನವು ಒಣಗ್ತ ಇವೆ, ಮಧ್ಯದವು ಬೆಳಕು ಹುಡುಕ್ತ ಎದ್ದು ನಿಂತಿವೆ. ಇನ್ನೆರಡು ವಾರ ಬಿಟ್ಟಿದ್ರೆ ಒಂದೂ ಉಳೀತಿರ್ಲಿಲ್ಲ."

ನಾನು ಮೊದಲ ಬಾರಿಗೆ 'ಎಪ್ಪತ್ತೊಂಬತ್ತ'ನ್ನು ನೇರ ನೋಡಿದೆ. ನಾಲ್ಕು ತಲೆಗಳು ಒಣದ್ರಾಕ್ಷಿಯಂತಾಗಿದ್ದವು. ಇಂಥ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ದಾರಿ: ಎಪ್ಪತ್ತೊಂಬತ್ತನೆಯ ಇಸವಿಯ ವೃತ್ತಾಂತವನ್ನು ಆರಂಭದಿಂದ ಹೇಳಿದೆ. ಮಳೆ, ಷರಾಯಿ, ಮೀನಿನ ಡಬ್ಬಿ, ಕೋಟು, ಕಾಲುಚೀಲ, ಕೈದೀಪ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಯಾರೂ ಹೊರಗೆ ಹೋಗಲಾಗಲಿಲ್ಲ. ಆದರೆ ಆ ತರುಣಿ ಬರೆಯುವ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಹೋಗಲು ದಾರಿ ಹುಡುಕದೆ, ಕೊನೆಯವರೆಗೂ ಕೇಳಿದಳು. ನಲವತ್ತೈದು ವರ್ಷಗಳಲ್ಲಿ ಅವಳೇ ಮೊದಲಿಗಳು.

ಕೇಳಿ ಮುಗಿಸಿ ಅಂದಳು: "ತಂಪಾಗಿ ಬೆಳಕಿರೋ ಜಾಗ ಎಲ್ಲಿದೆ?"

"ಮೆಟ್ಟಿಲ ತಿರುವಿನಲ್ಲಿ."

"ಹಾಗಾದ್ರೆ ಈಗ್ಲೇ ಸಾಗಿಸ್ಬೇಕು." ಅವಳು ಒಂದು ಕುಂಡ ಎತ್ತಿ, ಹತ್ತಿರ ನಿಂತವರ ಕೈಗಿತ್ತಳು. ಮತ್ತೊಂದನ್ನು ಇನ್ನೊಬ್ಬರಿಗೆ. ಹಂದಿಯನ್ನು ನೋಡಲು ಬಂದ ಕಟ್ಟಡ ಏನಾಗುತ್ತಿದೆಯೆಂದು ಅರಿಯುವಷ್ಟರಲ್ಲಿ ಕುಂಡ ಹಿಡಿದು ಸಾಲಾಗಿ ಮೆಟ್ಟಿಲಿಳಿಯುತ್ತಿತ್ತು. 'ಎಪ್ಪತ್ತೊಂಬತ್ತ'ನ್ನು ನಾನು ಹೊತ್ತೆ. ಕೋಟು ಇಲ್ಲದ್ದರಿಂದ ಎದೆಗೆ ಬರಿದೆ ಒತ್ತಿಕೊಂಡೆ.

ಅಧ್ಯಕ್ಷರು ತಿರುವಿನಲ್ಲಿ ಅಡ್ಡ ನಿಂತರು. "ಆಗಲ್ಲ. ಈ ಜಾಗ ಕೊಟ್ಟಿದ್ದು ಬೇರೆ ಕಾರಣಕ್ಕೆ."

"ಯಾವ ಕಾರಣಕ್ಕೆ?" ಎಂದು ಪಶುವೈದ್ಯೆ ಲೇಖನಿಯ ಮುಚ್ಚಳ ತೆಗೆದಳು. "ಹೇಳಿ, ಬರ್ಕೋತೀನಿ. ಮನೇಲಿ ಹಂದಿ ಕಡಿಯೋಕೆ ಸಂಘ ಜಾಗ ಕೊಡ್ತು ಅಂತ ಬರ್ಕೊಳ್ಳಾ?"

ಅಧ್ಯಕ್ಷರ ಕೈ ತಾನಾಗಿ ಮೊಹರಿನ ಜೇಬಿಗೆ ಹೋಯಿತು. "ಅಗತ್ಯಗಳಿಗೆ," ಎಂದರು ಕ್ಷೀಣವಾಗಿ. "ಸೆಡ್ಲಾಕ್ ಅವ್ರ ಅಗತ್ಯಗಳಿಗೆ."

"ಕೆಳಗೆ ಸೂಚನಾ ಫಲಕದ ಮೇಲೆ ನಿರ್ಣಯ ನಾನೂ ಓದ್ದೆ. ಬದಲಾಯಿಸೋಕೆ ಹದಿನೆಂಟು ಮನೆಯವ್ರೂ ಒಪ್ಪಬೇಕು. ಸೆಡ್ಲಾಕ್ ಅವ್ರೇ, ನೀವು ಒಪ್ತೀರಾ?"

"ಒಪ್ಪಲ್ಲ," ಎಂದೆ.

"ಆದ್ರೆ ನಾನು ಕಿವಿಯಾರೆ ಕೇಳಿದ್ದೀನಿ ಡಾಕ್ಟ್ರಮ್ಮ," ಎಂದು ಅಧ್ಯಕ್ಷರು ಅಳುವ ದನಿ ತೆಗೆದರು. "ದಿನಾ ಮಧ್ಯಾಹ್ನ, ಎರಡರಿಂದ ಮೂರೂವರೆವರೆಗೆ, ನಮ್ಮನೆ ಗೋಡೆ ಆಚೆ, ಗುರ್ ಗುರ್ ಅಂತ. ಹಂದಿ ಇಲ್ದೇ ಇದ್ರೆ ಅದೇನು?"

"ಇದೆ ಹಂದಿ," ಎಂದು ಕೆಳಗಿನಿಂದ ಒಂದು ಧ್ವನಿ ಕೇಳಿತು. ಪೆಟ್ಟಿಗೆ ಹಿಡಿದು, ಮಂಡಿ ಸಲೀಸಾಗಿ ಮಡಿಸುತ್ತ ಯಾರ್ಮಿಲಾ ಮೆಟ್ಟಿಲೇರಿ ಬರುತ್ತಿದ್ದಳು. "ನಲವತ್ತನಾಲ್ಕು ವರ್ಷದಿಂದ ನಾನೇ ಸಾಕ್ತಿದ್ದೀನಿ. ಊಟ ಆದ್ಮೇಲೆ ಹಾಗೇ ಗೊರಕೆ ಹೊಡೆಯತ್ತೆ. ಕಡಿಯೋದಾದ್ರೆ ನನ್ನ ಅಡ್ಡಿ ಇಲ್ಲ."

ಕಟ್ಟಡ ಮೊದಲು ನಕ್ಕಿತು. ಆಮೇಲೆ, ಟಬ್ಬಿನಲ್ಲಿ ಹುಳಿತ ಸಿಪ್ಪೆಯ ನೆನಪಾಗಿ, ಮಂಕಾಯಿತು. ಮೂರು ವಾರ ಆಸೆಯಿಂದ ಮೂಗು ಅರಳಿಸಿದ ಜನ ಒಬ್ಬೊಬ್ಬರಾಗಿ ತಮ್ಮ ಬಾಗಿಲುಗಳ ಹಿಂದೆ ಸೇರಿಕೊಂಡರು. ಆ ರಾತ್ರಿ ಯಾರ್ಮಿಲಾ ಟಬ್ಬು ಉಜ್ಜುತ್ತ ಅಂದಳು: "ಇಷ್ಟು ಜನರ ಬಾಯಲ್ಲಿ ನೀರು ಬರಿಸಿ ಸುಮ್ನೆ ಇರೋಕಾಗತ್ತಾ, ವೆಂಡಾ? ಊರಲ್ಲಿ ನನ್ನ ತಮ್ಮ ಹಬ್ಬಕ್ಕೆ ಹೇಗೂ ಒಂದು ಕಡೀತಾನೆ. ಅವನಿಗೆ ಫೋನ್ ಮಾಡು. ಆದ್ರೆ ಎಪ್ಪತ್ತೊಂಬತ್ತರ ಕತೆ ಹೇಳ್ಬೇಡ, ಇಟ್ಟುಬಿಡ್ತಾನೆ."

ಮಾಸೊಪುಸ್ಟ್ ಹಬ್ಬದ ಶನಿವಾರ ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನೆಂಟು ಮನೆಯವರಿಗೂ ಹಂದಿಯ ಸಾರು, ಈರುಳ್ಳಿಯ ಸಾಸೇಜು, ಹುಳಿ ಎಲೆಕೋಸು. ಕುದಿಯುವ ಹಂಡೆಗೆ ಮಾರ್ಜೋರಂ ಸೊಪ್ಪನ್ನು ಎಷ್ಟು ಹಾಕಬೇಕೆಂದು ಬಾರ್ತೋಷೋವಾ ಮತ್ತು ಯಾರ್ಮಿಲಾ ಜಗಳವಾಡಿದರು. ಅಧ್ಯಕ್ಷರು ಮೂರು ಬಟ್ಟಲು ಕುಡಿದು, ನಾಲ್ಕನೆಯದಕ್ಕೆ ಕೈ ಚಾಚುತ್ತ, ತಿರುವಿನಲ್ಲಿ ಒಂದು ವಿದ್ಯುತ್ ಸಂಪರ್ಕ ಕೊಡಲು ತಮ್ಮ ಅಭ್ಯಂತರವಿಲ್ಲವೆಂದರು. ಮೊಹರಿಗೆ ಮಾತ್ರ ಸಾರಿನ ಜಿಡ್ಡು ತಾಗಿತ್ತು.

ವಿದ್ಯುತ್ ಸಂಪರ್ಕ ಬೇಕಾದದ್ದು ಹೊಸ ದೀಪಕ್ಕೆ. ಅಂಗಡಿಯ ಹುಡುಗನ ಬಳಿಗೆ ನಾನೇ ಮರಳಿ ಹೋಗಿ, ಬಿಳಿಯ ದೀಪ ಕೊಂಡೆ. ಒಂದಡಿ ಮೇಲೆ, ದಿನಕ್ಕೆ ಹತ್ತು ಗಂಟೆ. ಕಿಟಕಿಯ ಬೆಳಕು ಸಾಲದ ಹೊತ್ತಿಗಷ್ಟೆ. ಅವನು ಡಬ್ಬದ ಮೇಲಿನ ಬೆಲೆ ಚೀಟಿಯನ್ನು ನನ್ನೆದುರೇ ಕಿತ್ತು ಕೊಟ್ಟ. ಪ್ರೆರೋವ್ ಸಣ್ಣ ಊರು.

ಅಪೊಲೆನಾ ಕಾಲಿನೋವಾ ರಜೆಯ ದಿನದ ಉಡುಪಿನಲ್ಲಿ ಬಂದಿದ್ದಳು. ಸಾರಿನ ಬಟ್ಟಲು ಹಿಡಿದು ಮೂರನೆಯ ಮಹಡಿಗೆ ಏರಿ, ತಿರುವಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತಳು. ಇಬ್ಬರೂ ತಲೆಗಳನ್ನು ಎಣಿಸಿದೆವು. ಇಪ್ಪತ್ತಮೂರರಲ್ಲಿ ನಾಲ್ಕು ಹೋಗಿದ್ದವು. ಉಳಿದ ಹತ್ತೊಂಬತ್ತು ಗಟ್ಟಿಯಾಗಿ ಕುಳಿತಿದ್ದವು. ನಡುವಿನ ಒಂದರ ಸೀಳು ಕೂದಲೆಳೆಯಷ್ಟು ಬಾಯಿ ಬಿಟ್ಟು, ಒಳಗಿನಿಂದ ಹೊಸ ಎಲೆಯ ಹಸಿರು ಇಣುಕುತ್ತಿತ್ತು.

"ಬದುಕ್ತು," ಎಂದಳು.

"ಬದುಕದೇ ಏನು. ಇದು ಎಂಥ ಚಳಿ ಕಂಡಿದ್ದು ಅಂತ ನಿಮಗೆ ಗೊತ್ತಲ್ಲ," ಎಂದೆ. ಮುಂದೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅವಳು ಬಟ್ಟಲಿನ ಕೊನೆಯ ಗುಟುಕು ಕುಡಿದು, ತುಟಿ ಒರೆಸಿಕೊಂಡು, ಮೊಣಕಾಲ ಮೇಲೆ ಗದ್ದವಿಟ್ಟು ಕೂತಳು.

"ಆ ಎಪ್ಪತ್ತೊಂಬತ್ತರ ಕತೆ ಇನ್ನೊಂದ್ಸಲ ಹೇಳಿ ಯಜಮಾನ್ರೇ, ಮೊದಲಿಂದ. ಕಾಲುಚೀಲ ಒಣಗಿಸಿದ್ರಲ್ಲ, ಆ ಒಲೆ ಮೀನಿನ ಡಬ್ಬಿಯಿಂದ ಎಷ್ಟು ದೂರದಲ್ಲಿತ್ತು ಅಂತ ಈ ಸಲ ಸೇರಿಸಿ ಹೇಳಿ."